ವಿಲಿಯಮ್ಸ್‌ಬರ್ಗ್: ಹತ್ತು ನಿಮಿಷದ ದಾರಿ

ವಿಲಿಯಮ್ಸ್‌ಬರ್ಗಿನ ಮುಖ್ಯ ಬೀದಿಯಲ್ಲಿ ಹಗಲು ಹೊತ್ತು ಕಾರು ಬಿಡುವುದಿಲ್ಲ. ಕುದುರೆ ಗಾಡಿಗಳು ಓಡಾಡುತ್ತವೆ. ಕಮ್ಮಾರ ಕುಲುಮೆಯ ಮುಂದೆ ನಿಂತಿರುತ್ತಾನೆ, ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿರುತ್ತಾರೆ, ಮೂರು ಮೂಲೆಯ ಟೋಪಿ ಹಾಕಿದವನೊಬ್ಬ ನಿಮ್ಮನ್ನು ತಡೆದು ಇಂಗ್ಲೆಂಡಿನ ದೊರೆ ಹೇರಿದ ತೆರಿಗೆಯ ಬಗ್ಗೆ ಗಂಭೀರವಾಗಿ ದೂರು ಹೇಳುತ್ತಾನೆ. ಎಲ್ಲರೂ ಸಂಬಳಕ್ಕೆ ವೇಷ ಕಟ್ಟಿದವರು. 1699ರಿಂದ 1780ರವರೆಗೆ ಈ ಊರು ವರ್ಜೀನಿಯಾದ ರಾಜಧಾನಿಯಾಗಿತ್ತು. ರಾಜಧಾನಿ ರಿಚ್ಮಂಡಿಗೆ ಹೋದ ಮೇಲೆ ಊರು ಮಂಕಾಯಿತು. 1926ರಲ್ಲಿ ಇಲ್ಲಿನ ಪಾದ್ರಿ ಗುಡ್‌ವಿನ್ ಎಂಬವರು ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಅವರನ್ನು ಒಪ್ಪಿಸಿ, ಹಳೆಯ ಮನೆಗಳನ್ನು ಹಳೆಯ ರೂಪದಲ್ಲೇ ಮತ್ತೆ ನಿಲ್ಲಿಸುವ ಕೆಲಸ ಶುರು ಮಾಡಿಸಿದರು. ಯಾರೋ ಹಣವಂತರು ಹಂಪಿಯ ಬಜಾರಿಗೆ ಮತ್ತೆ ಮಾಡು ಹೊದಿಸಿ, ಸೇರಿನಲ್ಲಿ ಮುತ್ತು ಅಳೆಯುವವರನ್ನು ದಿನಗೂಲಿಗೆ ಕೂರಿಸಿದ್ದರೆ ಹೇಗಿರುತ್ತಿತ್ತೋ, ಹೆಚ್ಚುಕಡಿಮೆ ಹಾಗೆ.

ನಾನು ಹೋದದ್ದು ಅದನ್ನು ನೋಡಲಿಕ್ಕಲ್ಲ. ಆಫೀಸಿನ ಕೆಲಸಕ್ಕೆ ಆರು ವಾರ ಉತ್ತರ ವರ್ಜೀನಿಯಾದಲ್ಲಿದ್ದೆ. ದೊಡ್ಡಮ್ಮನ ಮಗಳು, ಅಂದರೆ ನಮ್ಮ ಅಕ್ಕ, ಅಲ್ಲೇ ಇಪ್ಪತ್ತು ವರ್ಷದಿಂದ ಇದ್ದಾಳೆ. ಅವಳ ಮಗಳು ವಿಲಿಯಂ ಆ್ಯಂಡ್ ಮೇರಿ ಕಾಲೇಜಿನಲ್ಲಿ ಮೂರನೇ ವರ್ಷ. ಏಪ್ರಿಲ್ ಕೊನೆಯ ಶನಿವಾರ ಅಕ್ಕ ಚಪಾತಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ವಾಷಿಂಗ್ಟನ್ನಿನಿಂದ ದಕ್ಷಿಣಕ್ಕೆ ಸುಮಾರು 240 ಕಿಲೋಮೀಟರ್. ರಸ್ತೆಯ ಎರಡೂ ಬದಿಗೆ ಡಾಗ್‌ವುಡ್ ಮರಗಳು ಬಿಳಿ ಹೂ ಬಿಟ್ಟು ನಿಂತಿದ್ದವು.

ಹಿಂದಿನ ರಾತ್ರಿಯೇ ಹುಡುಗಿಯಿಂದ ವಾಟ್ಸಾಪ್ ಬಂದಿತ್ತು. “10:30 ರೆನ್ ಕಟ್ಟಡದ ಮುಂದೆ. ಆಮೇಲೆ ಆಸ್ಪತ್ರೆ, 40 ನಿಮಿಷ. ವಾಪಸ್ ನಡಿಗೆ 10 ನಿಮಿಷ. ಊಟ ಹುಲ್ಲಿನ ಮೇಲೆ. ಊಟ ಆದ ಮೇಲೆ 20 ನಿಮಿಷ ನಾನು ಮಾತಾಡಲ್ಲ, ಬೇಜಾರಾಗಬೇಡ ಮಾಮ. 3 ಗಂಟೆಗೆ ಮುಗೀತದೆ.” ಪ್ರಾಜೆಕ್ಟ್ ಮ್ಯಾನೇಜರುಗಳಿಂದಲೂ ಇಷ್ಟು ಸ್ಪಷ್ಟ ಅಜೆಂಡಾ ನನಗೆ ಬಂದ ನೆನಪಿಲ್ಲ. ಇದು ಬರಿಯ ಶಿಸ್ತಲ್ಲ, ಅವಳ ಇಂಟರ್ನ್‌ಶಿಪ್ಪಿನ ಅಭ್ಯಾಸ ಎಂಬುದು ಆಮೇಲೆ ತಿಳಿಯಿತು.

ಅವಳಿಗೆ ಆಟಿಸಂ ಇದೆ ಎಂದು ತಿಳಿದದ್ದು ಹದಿನೆಂಟನೇ ವಯಸ್ಸಿಗೆ, ಕಾಲೇಜಿಗೆ ಬಂದ ಮೇಲೆ. ಅಲ್ಲಿಯವರೆಗೆ ಮನೆಯಲ್ಲಿ ಅವಳು ಹಟಮಾರಿ, ಒಂಟಿಗೂಬೆ, ಮದುವೆ ಮನೆಯಲ್ಲಿ ಕಿವಿ ಮುಚ್ಚಿಕೊಂಡು ಕೂರುವ ಹುಡುಗಿ. “ಆಕಿ ಹಿಂಗ್ಯಾಕ ಅಂತ ತಿಳೀಲಿಲ್ಲೋ ತಮ್ಮಾ. ಮಾರ್ಕ್ಸ್ ಛಲೋ ಬರ್ತಿದ್ದುವಲ್ಲ, ಯಾರ ಯಾಕ ಕೇಳ್ತಾರ?” ಅನ್ನುತ್ತಾಳೆ ಅಕ್ಕ. ಹುಡುಗಿಯರಲ್ಲಿ ಆಟಿಸಂ ಹೀಗೆ ತಡವಾಗಿ ಗೊತ್ತಾಗುವುದು ಸಾಮಾನ್ಯ. ಉಳಿದವರನ್ನು ನೋಡಿ ನೋಡಿ, ಎಲ್ಲಿ ನಗಬೇಕು ಎಷ್ಟು ಹೊತ್ತು ಕಣ್ಣು ಕೂಡಿಸಬೇಕು ಎಂಬುದನ್ನು ಪಾಠದ ಹಾಗೆ ಕಲಿತುಬಿಡುತ್ತಾರೆ. ಸಂಜೆ ಮನೆಗೆ ಬಂದು ಸುಸ್ತಾಗಿ ಬೀಳುತ್ತಾರೆ. ಈಗ ಅವಳು ಕಾಲೇಜಿನ ನ್ಯೂರೋಡೈವರ್ಸಿಟಿ ಇನಿಶಿಯೇಟಿವ್‌ನಲ್ಲಿ ವಿದ್ಯಾರ್ಥಿ ಇಂಟರ್ನ್. ಬರೆಯುತ್ತೇನೆ ಅಂದಾಗ “ಹೆಸರು ಬರೀಬೇಡ, ಕೆಲಸ ಬರಿ” ಅಂದಳು.

ನ್ಯೂರೋಡೈವರ್ಸಿಟಿ ಎಂಬ ಮಾತು ಹುಟ್ಟಿದ್ದು 1990ರ ದಶಕದಲ್ಲಿ. ಆಟಿಸಂ ಇರುವವರು ಇಂಟರ್‌ನೆಟ್ಟಿನಲ್ಲಿ ಒಬ್ಬರನ್ನೊಬ್ಬರು ಕಂಡುಕೊಂಡು ಮಾತಾಡತೊಡಗಿದ ಕಾಲ ಅದು. ಆಸ್ಟ್ರೇಲಿಯಾದ ಜೂಡಿ ಸಿಂಗರ್ ಅದನ್ನು ತಮ್ಮ ಪ್ರಬಂಧದಲ್ಲಿ ಬಳಸಿದರು, 1998ರಲ್ಲಿ ಹಾರ್ವಿ ಬ್ಲೂಮ್ ಎಂಬ ಪತ್ರಕರ್ತ ದಿ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಬರೆದರು. ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಇವೆಲ್ಲ ಕೆಟ್ಟುಹೋದ ಮಿದುಳುಗಳಲ್ಲ, ಬೇರೆ ಬಗೆಯಲ್ಲಿ ಕೆಲಸ ಮಾಡುವ ಮಿದುಳುಗಳು ಎಂಬುದು ಅದರ ತಿರುಳು. ಕನ್ನಡದಲ್ಲಿ ಕೆಲವರು ಇದನ್ನು ನರವೈವಿಧ್ಯ ಅನ್ನುತ್ತಾರೆ. ನನಗೆ ಈ ಅನುವಾದ ಮೂಲಕ್ಕಿಂತ ಇಷ್ಟ. ನರ ಅಂದರೆ ನರಮಂಡಲದ ನರ, ಜೊತೆಗೆ ನರಮನುಷ್ಯನ ನರ. ಒಂದೇ ಪದದಲ್ಲಿ ಎರಡೂ ಕೂತಿವೆ. ಇಂಗ್ಲಿಷಿಗೆ ಆ ಭಾಗ್ಯ ಇಲ್ಲ.

ಆಸ್ಪತ್ರೆ ಇರುವುದು ಮುಖ್ಯ ಬೀದಿಗೆ ಸಮಾನಾಂತರವಾಗಿರುವ ಫ್ರಾನ್ಸಿಸ್ ಬೀದಿಯಲ್ಲಿ. ಇಟ್ಟಿಗೆಯ ಕಟ್ಟಡ, ಸಾಲು ಕಿಟಕಿ, ನೆತ್ತಿಯ ಮೇಲೊಂದು ಪುಟ್ಟ ಗೋಪುರ. ದೂರದಿಂದ ಯಾವನೋ ಜಮೀನ್ದಾರನ ಬಂಗಲೆ ಅನ್ನಬೇಕು. 1766ರಲ್ಲಿ ಗವರ್ನರ್ ಫ್ರಾನ್ಸಿಸ್ ಫೋಕಿಯರ್ ಶಾಸನಸಭೆಯ ಮುಂದೆ ಹುಚ್ಚರಿಗೆ ಪ್ರತ್ಯೇಕ ಆಸ್ಪತ್ರೆ ಬೇಕೆಂದು ಕೇಳಿದ. ಅಲ್ಲಿಯವರೆಗೆ ಅಂಥವರು ಮನೆಯ ಹಿಂದಿನ ಕೋಣೆಯಲ್ಲೋ ಜೈಲಿನಲ್ಲೋ ಇರುತ್ತಿದ್ದರು. 1773ರಲ್ಲಿ ಆಸ್ಪತ್ರೆ ಬಾಗಿಲು ತೆರೆಯಿತು. ಇಂದಿನ ಅಮೆರಿಕದ ನೆಲದಲ್ಲಿ ಮನೋರೋಗಿಗಳಿಗೆಂದೇ ಸರ್ಕಾರ ಕಟ್ಟಿಸಿದ ಮೊದಲ ಕಟ್ಟಡ ಅದು. ಇಪ್ಪತ್ತನಾಲ್ಕು ಕೋಣೆ. ಅಪಾಯಕಾರಿ ಅನ್ನಿಸಿದವರನ್ನು ಅಥವಾ ಗುಣವಾಗಬಹುದು ಅನ್ನಿಸಿದವರನ್ನು ಸೇರಿಸಿಕೊಳ್ಳುವುದು ಉದ್ದೇಶ. ಮೂಲ ಕಟ್ಟಡ 1885ರಲ್ಲಿ ಬೆಂಕಿಗೆ ಹೋಯಿತು. ಸರಿಯಾಗಿ ನೂರು ವರ್ಷ ಕಳೆದು 1985ರಲ್ಲಿ ಅದೇ ಪಾಯದ ಮೇಲೆ ಮತ್ತೆ ಕಟ್ಟಿದ್ದಾರೆ. ಈಗ ಅದು ವಸ್ತುಸಂಗ್ರಹಾಲಯ, ಪಕ್ಕದಲ್ಲೇ ಚಿತ್ರಕಲೆಯ ಮ್ಯೂಸಿಯಂ.

ಒಳಗೆ ಹದಿನೆಂಟನೇ ಶತಮಾನದ ಒಂದು ಕೋಣೆಯನ್ನು ಇದ್ದ ಹಾಗೇ ಮಾಡಿಟ್ಟಿದ್ದಾರೆ. ಹುಲ್ಲಿನ ಹಾಸಿಗೆ, ಗೋಡೆಗೆ ಸರಪಳಿ, ಎತ್ತರದಲ್ಲಿ ಕಂಬಿ ಹಾಕಿದ ಕಿಟಕಿ. ಅಷ್ಟೇ. ಇನ್ನೊಂದು ಬದಿಗೆ ಹತ್ತೊಂಬತ್ತನೇ ಶತಮಾನದ ಕೋಣೆ. ಅಲ್ಲಿ ಮಂಚ ಇದೆ, ಮೇಜು ಇದೆ. 1841ರಲ್ಲಿ ಇಲ್ಲಿನ ಮೇಲ್ವಿಚಾರಕನಾದ ಜಾನ್ ಗಾಲ್ಟ್ ಎಂಬ ಎಳೆಯ ವೈದ್ಯ ಸರಪಳಿಗಿಂತ ಸಂಗೀತ, ಪುಸ್ತಕ, ಕೈಕೆಲಸ ಮೇಲು ಎಂದು ನಂಬಿದ್ದ. ಕಾಯಿಲೆಯವರು ಊರೊಳಗೆ ಜನರ ನಡುವೆಯೇ ಬದುಕಬಹುದು ಎಂದೂ ವಾದಿಸಿದ. ಆ ಮಾತಿಗೆ ಅಂದು ಬೆಲೆ ಸಿಗಲಿಲ್ಲ.

ಹುಡುಗಿ ಸರಪಳಿಯ ಕೋಣೆಯ ಬಾಗಿಲಲ್ಲೇ ನಿಂತಳು. “ಇಲ್ಲಿ ಇದ್ದವರಲ್ಲಿ ನನ್ನಂಥವರು ಎಷ್ಟು ಜನ ಅಂತ ಯಾರಿಗೂ ಗೊತ್ತಿಲ್ಲ ಮಾಮ. ಆವಾಗ ಆಟಿಸಂ ಅನ್ನೋ ಶಬ್ದಾನೇ ಇರಲಿಲ್ಲ.” ನಿಜ. ಲಿಯೋ ಕ್ಯಾನರ್ ಆಟಿಸಂ ಇರುವ ಮಕ್ಕಳ ಬಗ್ಗೆ ತನ್ನ ಹೆಸರಾಂತ ಲೇಖನ ಬರೆದದ್ದೇ 1943ರಲ್ಲಿ. ಆಟಿಸಂ ಮನೋರೋಗವೂ ಅಲ್ಲ. ಆದರೆ ಮಂದಿ ಇಂಥ ಭೇದ ಮಾಡುತ್ತಾ ಕೂತವರಲ್ಲ, ತಮಗಿಂತ ಬೇರೆ ಕಂಡವರನ್ನೆಲ್ಲ ಒಂದೇ ಗೋಣಿಚೀಲಕ್ಕೆ ತುಂಬಿದವರು.

ಈ ಚೀಲದ ಗುರುತು ನಮ್ಮ ನಾಲಗೆಯ ಮೇಲೆ ಇನ್ನೂ ಇದೆ. ನಾನು ಬೆಳೆದ ಕಡೆ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ “ಇವನ್ನ ಧಾರವಾಡಕ್ಕ ಕಳಸ್ಬೇಕು” ಅನ್ನುತ್ತಿದ್ದರು. ಪೇಡೆ ತಿನ್ನಲಿಕ್ಕಲ್ಲ, ಹುಚ್ಚಾಸ್ಪತ್ರೆಗೆ. ಬೆಂಗಳೂರಿನಲ್ಲಿ ಓದುವಾಗ ಅದು ನಿಮ್ಹಾನ್ಸ್ ಆಯಿತು. ಪುಣೆಗೆ ಬಂದೆ, ಯೆರವಡಾ ಆಯಿತು. ಮುಂಬಯಿಯವರಿಗೆ ಠಾಣೆ, ಹೈದರಾಬಾದಿನವರಿಗೆ ಎರ್ರಗಡ್ಡ, ಚೆನ್ನೈಯವರಿಗೆ ಕೀಳ್ಪಾಕ್, ದಿಲ್ಲಿಯವರಿಗೆ ಆಗ್ರಾ. ಊರು ಬದಲಾಯಿಸಿದ ಕನ್ನಡಿಗರಿಗೆ ಹೊಸ ಊರಿನ ಬಸ್ ನಂಬರ್ ಗೊತ್ತಾಗುವ ಮೊದಲೇ ಈ ಬೈಗುಳ ಗೊತ್ತಾಗಿಬಿಡುತ್ತದೆ. ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಶುರುವಾದದ್ದು 1847ರಲ್ಲಿ. ಅದರ ವಂಶದಲ್ಲೇ 1974ರಲ್ಲಿ ನಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆ ರೂಪುಗೊಂಡಿತು. ಎಷ್ಟೋ ಮನೆಗಳು ಅಲ್ಲಿನ ವೈದ್ಯರಿಂದ ಉಳಿದಿವೆ. ಬೈಗುಳ ಮಾತ್ರ ಹಾಗೇ ಇದೆ.

ವರ್ಜೀನಿಯಾ ಬೈಗುಳಕ್ಕೇ ನಿಲ್ಲಲಿಲ್ಲ. 1924ರಲ್ಲಿ, ಬುದ್ಧಿ ಮಂದ ಎಂದು ಹಣೆಪಟ್ಟಿ ಹಚ್ಚಿದವರಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು ಇಲ್ಲಿ ಕಾನೂನು ಬಂತು. ಕ್ಯಾರಿ ಬಕ್ ಎಂಬ ಬಡ ಹುಡುಗಿಯ ಮೊಕದ್ದಮೆಯಲ್ಲಿ 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಕಾನೂನನ್ನು ಎತ್ತಿಹಿಡಿಯಿತು. ಅವಳ ಪುಟ್ಟ ಮಗಳೂ ಬುದ್ಧಿಮಾಂದ್ಯಳೇ ಎಂದು ಕೋರ್ಟಿನ ಮುಂದೆ ಹೇಳಿದ್ದರು. ಆ ಮಗು ಮುಂದೆ ಶಾಲೆಯ ಜಾಣ ಮಕ್ಕಳ ಪಟ್ಟಿಯಲ್ಲಿ ಹೆಸರು ಪಡೆಯಿತು. ಈ ಒಂದು ರಾಜ್ಯದಲ್ಲೇ ಸುಮಾರು 8,000 ಜನರಿಗೆ ಹೀಗೆ ಮಾಡಿದರು. 2002ರಲ್ಲಿ ಗವರ್ನರ್ ಕ್ಷಮೆ ಕೇಳಿದರು. ಅಷ್ಟೂ ವರ್ಷ ವೈದ್ಯರು ಮಾತಾಡಿದರು, ವಕೀಲರು ಮಾತಾಡಿದರು, ಶಾಸಕರು ಮಾತಾಡಿದರು. ಯಾರ ಮೈಮೇಲೆ ಕತ್ತರಿ ಬೀಳುತ್ತಿತ್ತೋ ಅವರನ್ನು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಅಲ್ಲಿಂದ ಕಾಲೇಜಿಗೆ ನಡೆದೆವು. ನಿಜಕ್ಕೂ ಹತ್ತೇ ನಿಮಿಷ. ದಾರಿಯಲ್ಲಿ ಕಾಫಿ ಅಂಗಡಿ, ಪುಸ್ತಕದಂಗಡಿ, ಐಸ್‌ಕ್ರೀಮಿಗೆ ಸಾಲು ನಿಂತ ಮಕ್ಕಳು, ಆಮೇಲೆ ರೆನ್ ಕಟ್ಟಡದ ಗೇಟು.

ವಿಲಿಯಂ ಆ್ಯಂಡ್ ಮೇರಿ ಅಮೆರಿಕದಲ್ಲಿ ಹಾರ್ವರ್ಡ್ ಬಿಟ್ಟರೆ ಅತಿ ಹಳೆಯ ಕಾಲೇಜು. ಇಂಗ್ಲೆಂಡಿನ ದೊರೆ ವಿಲಿಯಂ ಮತ್ತು ರಾಣಿ ಮೇರಿ 1693ರಲ್ಲಿ ಸನ್ನದು ಕೊಟ್ಟರು. ಥಾಮಸ್ ಜೆಫರ್ಸನ್ ಓದಿದ್ದು ಇಲ್ಲೇ. ರೆನ್ ಕಟ್ಟಡ ಮೂರು ಸಲ ಸುಟ್ಟು ಮೂರು ಸಲವೂ ಎದ್ದು ನಿಂತಿದೆ. ಒಳಗೆ ಇವತ್ತಿಗೂ ತರಗತಿ ನಡೆಯುತ್ತದೆ. ಇಷ್ಟು ಹಳೆಯ, ಸಂಪ್ರದಾಯಸ್ಥ ಜಾಗದಲ್ಲಿ 2012ರ ಸುಮಾರಿಗೆ ಕೆಲವು ಅಧ್ಯಾಪಕರು, ಸಿಬ್ಬಂದಿ, ವಿದ್ಯಾರ್ಥಿಗಳು ಕೂಡಿ ನರವೈವಿಧ್ಯದ ಬಗ್ಗೆ ಒಂದು ಗುಂಪು ಮಾಡಿಕೊಂಡರು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇಂಥ ಕೆಲಸಕ್ಕೆ ಮೊದಲು ಕೈಹಾಕಿದವುಗಳಲ್ಲಿ ಇದೂ ಒಂದು. ಅವರು ಪಾಠ ಹೇಳಲು ಕರೆದವರಲ್ಲಿ ಜಾನ್ ಎಲ್ಡರ್ ರಾಬಿಸನ್ ಒಬ್ಬರು. ನಮ್ಮ ಐಟಿ ಮಂದಿಗೆ ಈ ಮನುಷ್ಯ ಹಿಡಿಸುತ್ತಾನೆ. ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟವನು, ತಾನೇ ಎಲೆಕ್ಟ್ರಾನಿಕ್ಸ್ ಕಲಿತು ಕಿಸ್ ಎಂಬ ರಾಕ್ ಬ್ಯಾಂಡಿಗೆ ಬೆಂಕಿ ಕಾರುವ ಗಿಟಾರ್ ಮಾಡಿಕೊಟ್ಟವನು. ನಲವತ್ತರ ಹೊತ್ತಿಗೆ ತನಗೆ ಆಟಿಸಂ ಇದೆಯೆಂದು ತಿಳಿದು, 2007ರಲ್ಲಿ ‘ಲುಕ್ ಮಿ ಇನ್ ದಿ ಐ’ ಎಂಬ ಆತ್ಮಕಥೆ ಬರೆದ. ಹತ್ತನೇ ತರಗತಿಗೆ ಶಾಲೆ ಬಿಟ್ಟವನನ್ನು ಮುನ್ನೂರು ವರ್ಷದ ಕಾಲೇಜು ಗುರುವಿನ ಸ್ಥಾನದಲ್ಲಿ ಕೂರಿಸಿತು.

ಕಾಲೇಜಿನಲ್ಲಿ ವಿದ್ಯಾರ್ಥಿಗಳನ್ನೇ ಇಂಟರ್ನ್ ಮಾಡಿಕೊಳ್ಳುವುದು ಯಾಕೆ ಮುಖ್ಯ ಅನ್ನುವುದಕ್ಕೆ ಅಲ್ಲಿನ ಕಾನೂನು ಸ್ವಲ್ಪ ಗೊತ್ತಿರಬೇಕು. ಅಮೆರಿಕದಲ್ಲಿ ಸರ್ಕಾರಿ ಶಾಲೆಯ ಮಗುವಿಗೆ ತೊಂದರೆ ಇದೆಯೇ ಎಂದು ಹುಡುಕಿ ನೋಡಿ, ಅದಕ್ಕೆ ತಕ್ಕ ಯೋಜನೆ ಮಾಡುವ ಜವಾಬ್ದಾರಿ ಶಾಲೆಯದು. ಮೀಟಿಂಗಿಗೆ ತಾಯಿ ತಂದೆ ಹೋಗುತ್ತಾರೆ, ಸಹಿ ಅವರದು. ಕಾಲೇಜಿಗೆ ಬಂದ ದಿನ ಇದು ತಲೆಕೆಳಗಾಗುತ್ತದೆ. ಅಲ್ಲಿ ಯಾರೂ ಹುಡುಕಿಕೊಂಡು ಬರುವುದಿಲ್ಲ. 1990ರ ಎಡಿಎ ಕಾನೂನು ಹಕ್ಕು ಕೊಡುತ್ತದೆ, ಆದರೆ ವಿದ್ಯಾರ್ಥಿ ತಾನೇ ಹೋಗಿ, ನನಗೆ ಹೀಗಿದೆ, ಪರೀಕ್ಷೆಗೆ ಹೆಚ್ಚು ಸಮಯ ಬೇಕು, ಸದ್ದಿಲ್ಲದ ಕೋಣೆ ಬೇಕು ಎಂದು ಕೇಳಬೇಕು. ಅಂಕಪಟ್ಟಿಯನ್ನು ಕೂಡ ಮಗಳ ಒಪ್ಪಿಗೆಯಿಲ್ಲದೆ ತಾಯಿಗೆ ತೋರಿಸಬೇಕಾಗಿಲ್ಲ. ಹದಿನೆಂಟು ವರ್ಷ ಅಮ್ಮ ಮಾತಾಡಿದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಮಗುವೇ ಮಾತಾಡಬೇಕು. ಅದೂ, ಮಾತಾಡುವುದೇ ಯಾರಿಗೆ ಎಲ್ಲಕ್ಕಿಂತ ಕಷ್ಟವೋ ಆ ಮಗು.

ಇಲ್ಲಿ ಕೈ ಹಿಡಿಯುವವರು ಬೇಕು. ಕೌನ್ಸೆಲರ್ ಇದ್ದಾರೆ, ಕಚೇರಿ ಇದೆ. ಆದರೆ ಕಚೇರಿಯ ಬಾಗಿಲು ತಟ್ಟುವ ಮೊದಲು ಏನು ಹೇಳಬೇಕು, ಎಷ್ಟು ಹೇಳಬೇಕು, ಹೇಳಿದರೆ ಪ್ರೊಫೆಸರ್ ಮುಖ ಹೇಗಾಗುತ್ತದೆ ಎಂಬುದನ್ನು ಹೋದ ವರ್ಷ ಅದೇ ಬಾಗಿಲು ತಟ್ಟಿದವರೇ ಹೇಳಬೇಕು.

ಹುಡುಗಿಯ ಕೆಲಸ ಕೇಳಿದರೆ ದೊಡ್ಡದೇನೂ ಅನ್ನಿಸುವುದಿಲ್ಲ. ಅವಳೇ ಆರಿಸಿಕೊಂಡ ಪ್ರಾಜೆಕ್ಟು ಒಂದು ಪುಟದ ಚೀಟಿ. ಯಾವುದಾದರೂ ಕಾರ್ಯಕ್ರಮ ಇದ್ದರೆ ಮೊದಲೇ ಹೋಗಿ ಜಾಗ ನೋಡಿ ಬರುತ್ತಾಳೆ. ಬೆಳಕು ಹೇಗಿದೆ, ಮೈಕು ಎಷ್ಟು ಜೋರು, ಎಷ್ಟು ಹೊತ್ತು ನಡೆಯುತ್ತದೆ, ನಡುವೆ ಎದ್ದು ಹೋಗಲು ಬಾಗಿಲು ಎಲ್ಲಿ, ಊಟಕ್ಕೆ ಸಾಲು ನಿಲ್ಲಬೇಕೋ ಹೇಗೆ, ಅಪರಿಚಿತರು ಬಂದು ಕೈ ಕುಲುಕುತ್ತಾರೋ ಇಲ್ಲವೋ. ಇಷ್ಟನ್ನು ಬರೆದು ಮುಂಚೆಯೇ ಕಳಿಸುತ್ತಾಳೆ. “ಬಾ ಅಂತ ಹೇಳಲ್ಲ ಮಾಮ. ಹೋದರೆ ಏನೇನಿರುತ್ತೆ ಅಂತ ಹೇಳ್ತೀನಿ. ಆಮೇಲೆ ಅವರೇ ಬರ್ತಾರೆ.” ನನಗೆ ಹಿಂದಿನ ರಾತ್ರಿ ಬಂದ ಸಂದೇಶದ ಗುಟ್ಟು ಇದು.

ಇನ್ನೊಂದು, ವಾರಕ್ಕೊಮ್ಮೆ ಸುಮ್ಮನೆ ಕೂರುವ ಹೊತ್ತು. ಒಂದು ಕೋಣೆ, ಮಂದ ಬೆಳಕು, ಬಂದವರು ಓದಬಹುದು, ನೂಲು ಹೆಣೆಯಬಹುದು, ಮಾತಾಡಬಹುದು, ಬಿಡಬಹುದು. ಪರಿಚಯ ಮಾಡಿಕೊಳ್ಳುವ ಕಟ್ಟಾಯವಿಲ್ಲ. ಒಬ್ಬ ಹುಡುಗ ಸೆಮಿಸ್ಟರ್ ಪೂರ್ತಿ ಬಂದ, ಒಂದು ಮಾತೂ ಆಡಲಿಲ್ಲ. ಕೊನೆಯ ವಾರ ಬಂದು, ಮುಂದಿನ ವರ್ಷ ಈ ಕೋಣೆಯ ಬೀಗದ ಕೈ ನಾನು ಇಟ್ಟುಕೊಳ್ಳಲೇ ಎಂದು ಕೇಳಿದನಂತೆ.

ನಾಯಕತ್ವ ಅಂದರೆ ನಮಗೆ ಕಣ್ಣ ಮುಂದೆ ಬರುವುದು ವೇದಿಕೆ, ಮೈಕು, ದನಿ. ನಮ್ಮ ಕಂಪನಿಗಳ ಲೀಡರ್‌ಶಿಪ್ ತರಬೇತಿಯೂ ಅದನ್ನೇ ಕಲಿಸುತ್ತದೆ: ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ, ಗಟ್ಟಿಯಾಗಿ ಕೈ ಕುಲುಕಿ. ಆ ಲೆಕ್ಕದಲ್ಲಿ ಬೀಗದ ಕೈ ಕೇಳಿದ ಹುಡುಗ ಮೊದಲ ಸುತ್ತಿನಲ್ಲೇ ಹೊರಗೆ. ಹೇಳಬೇಕೆಂದರೆ ಎಸ್‌ಎಪಿ ಕಂಪನಿ 2013ರಲ್ಲಿ ಆಟಿಸಂ ಇರುವವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ದೊಡ್ಡ ಕಾರ್ಯಕ್ರಮ ಘೋಷಿಸುವ ಮೊದಲೇ ಅದರ ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಆಮೇಲೆ ಬೇರೆ ಕಂಪನಿಗಳೂ ಬಂದವು. ಒಳ್ಳೆಯದೇ. ಆದರೆ ಅಲ್ಲೂ ಅವರಿಗೆ ಸಿಗುವುದು ಹೆಚ್ಚಾಗಿ ಟೆಸ್ಟಿಂಗ್, ಡೇಟಾ ಎಂಟ್ರಿಯ ಮೂಲೆ. ತಂಡ ಹೇಗೆ ನಡೆಯಬೇಕು ಎಂದು ಅವರನ್ನು ಕೇಳಿದ್ದು ನಾನು ಇನ್ನೂ ಕಂಡಿಲ್ಲ.

ಸನ್ಕನ್ ಗಾರ್ಡನ್ ಎಂಬ ತಗ್ಗಿನ ಹುಲ್ಲುಗಾವಲಿನಲ್ಲಿ ಕೂತು ಚಪಾತಿ ತಿಂದೆವು. ಪರೀಕ್ಷೆ ಹತ್ತಿರ ಬಂದಿತ್ತು, ಸುತ್ತ ಹುಡುಗರು ಪುಸ್ತಕ ಮುಖದ ಮೇಲಿಟ್ಟು ಮಲಗಿದ್ದರು. ಮೊದಲೇ ಹೇಳಿದಂತೆ ಇಪ್ಪತ್ತು ನಿಮಿಷ ಅವಳು ಮಾತಾಡಲಿಲ್ಲ. ಮೊದಲ ಐದು ನಿಮಿಷ ನನಗೆ ಫೋನು ತೆಗೆಯುವ ಚಡಪಡಿಕೆ. ಆಮೇಲೆ ಸುಖವಾಯಿತು.

ಎಲ್ಲವೂ ಚೆಂದ ಅಂತ ಅವಳೂ ಹೇಳಲಿಲ್ಲ. ಯಾರಿಗೆ ವಿಶ್ರಾಂತಿ ಬೇಕೋ ಅವರೇ ಉಳಿದವರ ಸಲುವಾಗಿ ದುಡಿಯಬೇಕಾಗುತ್ತದೆ. ಮಧ್ಯರಾತ್ರಿ ಒಬ್ಬಳು ಜೂನಿಯರ್ ಅಳುತ್ತಾ ಫೋನು ಮಾಡುತ್ತಾಳೆ. ಇಂಟರ್ನ್ ಡಾಕ್ಟರಲ್ಲ. ಎಲ್ಲಿಯವರೆಗೆ ಕೇಳಬೇಕು, ಯಾವಾಗ ಕೌನ್ಸೆಲಿಂಗ್ ಸೆಂಟರಿಗೆ ದಾಟಿಸಬೇಕು ಎಂಬ ಗೆರೆ ಕಾಗದದ ಮೇಲೆ ಸಲೀಸು, ರಾತ್ರಿ ಎರಡು ಗಂಟೆಗೆ ಅಲ್ಲ. ಅಧ್ಯಾಪಕರ ಮುಂದೆ ಕೂತು ಮಾತಾಡುವಾಗ ಯಾರೋ ಒಬ್ಬರು ನಿನ್ನ ಬಾಲ್ಯದ ಕಷ್ಟ ಹೇಳು ಅನ್ನುತ್ತಾರೆ. “ಅದಕ್ಕೆ ಇಲ್ಲ ಅನ್ನೋದನ್ನ ಕಲಿಯೋದಕ್ಕೆ ಒಂದು ವರ್ಷ ಹಿಡೀತು. ನನ್ನ ಕಥೆ ಕೇಳಿ ಅವರು ಅತ್ತರೆ ಕ್ಲಾಸ್‌ರೂಮ್ ಲೈಟ್ ಬದಲಾಗಲ್ಲ. ಲೈಟ್ ಬದಲಾಯಿಸಿ ಅಂತ ಹೇಳಬೇಕು.”

ನನಗೆ ಇನ್ನೊಂದು ಅನುಮಾನ ಇತ್ತು, ಕೇಳಿದೆ. ಇಂಥ ಕಾಲೇಜಿಗೆ ಬರುವವರು ಮಾತು, ಅಂಕ, ಹಣ ಮೂರೂ ಇದ್ದವರು. ಮಾತೇ ಬಾರದ, ದಿನದ ಇಪ್ಪತ್ತನಾಲ್ಕು ಗಂಟೆ ಜೊತೆಗೊಬ್ಬರು ಬೇಕಾದ ಮಕ್ಕಳ ಪರವಾಗಿ ಇವರು ಮಾತಾಡಬಹುದೇ? ಅಮೆರಿಕದಲ್ಲಿ ಅಂಥ ಮಕ್ಕಳ ಎಷ್ಟೋ ತಂದೆತಾಯಿಗಳು ಈ ಚಳವಳಿಯ ಮೇಲೆ ಸಿಟ್ಟಾಗಿದ್ದಾರೆ. ನಮ್ಮಲ್ಲಂತೂ ಇರುವುದನ್ನೆಲ್ಲ ಕಟ್ಟಿದ್ದು ತಾಯಂದಿರೇ. ದಿಲ್ಲಿಯ ಆ್ಯಕ್ಷನ್ ಫಾರ್ ಆಟಿಸಂ ಅನ್ನು 1991ರಲ್ಲಿ ಶುರು ಮಾಡಿದ ಮೇರಿ ಬರುವಾ ಆಟಿಸಂ ಇರುವ ಮಗನ ತಾಯಿ. ಹುಡುಗಿ ತುಸು ಹೊತ್ತು ಹುಲ್ಲು ಕೀಳುತ್ತಾ ಕೂತಳು. “ನಾನು ನನ್ನ ಬಗ್ಗೆ ಮಾತ್ರ ಮಾತಾಡಬಹುದು. ಆದರೆ ಸದ್ದು ಆದರೆ ಕಿವಿ ಉರಿಯೋದು ಹೇಗಿರುತ್ತೆ ಅಂತ ಅಮ್ಮನಿಗಿಂತ ನನಗೆ ಜಾಸ್ತಿ ಗೊತ್ತು. ಮಾತು ಬಾರದ ಮಗುಗೂ ಕಿವಿ ಇರುತ್ತಲ್ಲ.” ಪೂರ್ತಿ ಉತ್ತರ ಅಲ್ಲ ಇದು. ಆದರೂ ನಾನು ಕೇಳಿದ ಉತ್ತರಗಳಲ್ಲಿ ಪ್ರಾಮಾಣಿಕವಾದದ್ದು.

ಆಮೇಲೆ ನಾನು ಪುಣೆಯಿಂದ ಹೊತ್ತು ತಂದಿದ್ದ ಪ್ರಶ್ನೆ ತೆಗೆದೆ. ನನ್ನ ಸಹೋದ್ಯೋಗಿಯೊಬ್ಬರು ಬಾಗಲಕೋಟೆ ಕಡೆಯವರು. ಮಗನಿಗೆ ಡಿಸ್ಲೆಕ್ಸಿಯಾ. ಕನ್ನಡದ ಮನೆ, ಇಂಗ್ಲಿಷ್ ಶಾಲೆ, ಮರಾಠಿ ಕಡ್ಡಾಯ, ಮೇಲೆ ಹಿಂದಿ. ನಾಲ್ಕು ಭಾಷೆಗಳ ನಡುವೆ ಮಗು ಓದಲು ತಡವರಿಸಿದಾಗ ಯಾರೋ, ಮನೆಯಲ್ಲಿ ಒಂದೇ ಭಾಷೆ ಆಡಿ, ಕನ್ನಡ ಬಿಡಿ ಎಂದು ಸಲಹೆ ಕೊಟ್ಟರು. ಊರು ಬಿಟ್ಟ ಕನ್ನಡಿಗರಲ್ಲಿ ಈ ಸಲಹೆ ಕೇಳದವರು ಕಡಿಮೆ. ಎರಡು ಭಾಷೆ ಕೇಳಿ ಬೆಳೆದರೆ ಡಿಸ್ಲೆಕ್ಸಿಯಾ ಬರುವುದಿಲ್ಲ. ಆಟಿಸಂ ಇರುವ ಮಕ್ಕಳಿಗೂ ಎರಡು ಭಾಷೆಯಿಂದ ಹಾನಿಯಾಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಆದರೆ ಹೆದರಿದ ಮನೆಗೆ ಅಧ್ಯಯನ ಯಾರು ಓದಿಹೇಳಬೇಕು? ಮೂರು ವರ್ಷ ಆ ಮನೆಯಲ್ಲಿ ಕನ್ನಡ ನಿಂತಿತ್ತು. ಆಮೇಲೆ ಊರಿಂದ ಅಜ್ಜಿ ಬಂದು ಉಳಿದರು. ಅಜ್ಜಿಗೆ ಬೇರೆ ಭಾಷೆ ಬರುವುದಿಲ್ಲ. ಸಲಹೆ ತಾನಾಗಿಯೇ ಬಿದ್ದುಹೋಯಿತು.

ಹುಡುಗನ ಬಳಿ ಸರ್ಟಿಫಿಕೇಟ್ ಇದೆ. ಮಹಾರಾಷ್ಟ್ರದ ಬೋರ್ಡ್ ಪರೀಕ್ಷೆಯಲ್ಲಿ ಅದರ ಮೇಲೆ ಹೆಚ್ಚುವರಿ ಸಮಯ ಸಿಕ್ಕಿತ್ತು. ಈಗ ಹನ್ನೆರಡನೆಯದು ಮುಗಿದಿದೆ, ಕಾಲೇಜಿನ ಅರ್ಜಿ ತುಂಬಬೇಕು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ, ಕಲಿಕೆಯ ತೊಂದರೆ ಇದೆ. ಎಡಿಎಚ್‌ಡಿಯ ಹೆಸರಿಲ್ಲ, ಅದು ಬೇರೆ ಕಥೆ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇಕಡಾ 40 ಅಥವಾ ಹೆಚ್ಚು ತೊಂದರೆ ಇರುವವರಿಗೆ ಕನಿಷ್ಠ ಶೇಕಡಾ 5 ಸೀಟು. ಅರ್ಜಿಯಲ್ಲಿ ಒಂದು ಚೌಕ ಇದೆ, ಗುರುತು ಹಾಕಬೇಕು. ಅಪ್ಪ ಹಾಕೋಣ ಅನ್ನುತ್ತಾರೆ, ಹಕ್ಕು ಯಾಕೆ ಬಿಡಬೇಕು. ಅಮ್ಮ ಬೇಡ ಅನ್ನುತ್ತಾರೆ, ನಾಳೆ ಕ್ಯಾಂಪಸ್ ಇಂಟರ್‌ವ್ಯೂನಲ್ಲಿ, ನಾಡಿದ್ದು ಹೆಣ್ಣು ಕೇಳುವಾಗ ಇದೇ ಎದ್ದು ಬರುತ್ತದೆ. ಎರಡು ತಿಂಗಳಿಂದ ಆ ಮನೆಯಲ್ಲಿ ಇದೇ ಜಗಳ. ಇಬ್ಬರ ಮಾತಿನಲ್ಲೂ ನನಗೆ ನ್ಯಾಯ ಕಾಣುತ್ತಿತ್ತು.

ಹುಡುಗಿ ಎಲ್ಲ ಕೇಳಿದಳು. “ಇದು ಅಪ್ಪನ ಪ್ರಶ್ನೆ. ಆ ಹುಡುಗನ ಪ್ರಶ್ನೆ ಏನು?”

ಆ ರಾತ್ರಿ, ಅಂದರೆ ಪುಣೆಯ ಭಾನುವಾರ ಬೆಳಿಗ್ಗೆ, ಇಬ್ಬರನ್ನೂ ವಿಡಿಯೋ ಕಾಲಿನಲ್ಲಿ ಕೂಡಿಸಿದೆ. ದೊಡ್ಡವರೆಲ್ಲ ಎದ್ದು ಹೋಗಬೇಕೆಂದು ಅವಳ ಷರತ್ತು. ನಲವತ್ತು ನಿಮಿಷ ಮಾತಾಡಿದರು, ಕನ್ನಡದಲ್ಲಿ. ಅವನ ಕನ್ನಡ ಅಜ್ಜಿಯದು, ಬಾಗಲಕೋಟೆಯ ಖಾರದ್ದು. ಇವಳದು ಅರ್ಧ ಅಮ್ಮನದು, ಅರ್ಧ ಅಮೆರಿಕದ್ದು. ಅವನ ಪ್ರಶ್ನೆ ಚೌಕದ ಬಗ್ಗೆ ಇರಲೇ ಇಲ್ಲವಂತೆ. ಪರೀಕ್ಷೆಯಲ್ಲಿ ಎಲ್ಲರೂ ಎದ್ದು ಹೋದ ಮೇಲೂ ನಾನೊಬ್ಬನೇ ಕೂತು ಬರೆಯುತ್ತಿದ್ದರೆ ಹೊರಗೆ ಗೆಳೆಯರು ಏನಂದುಕೊಳ್ಳುತ್ತಾರೆ, ಅವರಿಗೆ ಏನು ಹೇಳಲಿ ಎಂಬುದು ಅವನ ಪ್ರಶ್ನೆ. ಅವಳು ಮೂರು ಬಗೆಯ ಉತ್ತರ ಕಲಿಸಿದಳು: ಆಪ್ತರಿಗೆ ಒಂದು, ಪರಿಚಯದವರಿಗೆ ಒಂದು, ಚೇಷ್ಟೆಯವರಿಗೆ ಒಂದು. ಮೂರನೆಯದನ್ನು ನನಗೆ ಹೇಳಲು ಇಬ್ಬರೂ ಒಪ್ಪಲಿಲ್ಲ.

ಜೂನ್‌ನಲ್ಲಿ ಅವನು ಚೌಕಕ್ಕೆ ಗುರುತು ಹಾಕಿದ. ಅಮ್ಮ ಎರಡು ದಿನ ಮಾತು ಬಿಟ್ಟರು, ಮೂರನೇ ದಿನ ಅವನೇ ಕೂತು ವಿವರಿಸಿದ. ಅಪ್ಪ ಹೇಳಿದ್ದಕ್ಕಲ್ಲ, ಪರೀಕ್ಷೆಯಲ್ಲಿ ಸಮಯ ಸಾಲದೆ ಗೊತ್ತಿರುವ ಉತ್ತರ ಬಿಟ್ಟು ಬರುವುದು ತನಗೆ ಸಾಕಾಗಿದೆ ಅಂದನಂತೆ. ಈಗ ಪುಣೆಯ ಒಂದು ಕಾಲೇಜಿನಲ್ಲಿದ್ದಾನೆ. ಅಲ್ಲಿ ಇಂಟರ್ನ್‌ಶಿಪ್ ಇಲ್ಲ, ಮಂದ ಬೆಳಕಿನ ಕೋಣೆಯೂ ಇಲ್ಲ. ಒಂದು ಫಲಕ ಇರುವ ಕಚೇರಿ ಇದೆ, ಬಾಗಿಲು ಬುಧವಾರ ತೆರೆಯುತ್ತದೆ. ಈ ವರ್ಷ ಹೊಸ ಹುಡುಗರು ಬರುವ ಮುಂಚೆ ಆ ಕಚೇರಿಗೆ ಹೋಗಿ ಸರ್ಟಿಫಿಕೇಟ್ ಎಲ್ಲಿ ಕೊಡಬೇಕು, ಯಾರನ್ನು ಕೇಳಬೇಕು, ಯಾವ ಹಾಲಿನಲ್ಲಿ ಹೆಚ್ಚುವರಿ ಸಮಯಕ್ಕೆ ಕೂರಿಸುತ್ತಾರೆ, ಅಲ್ಲಿ ಫ್ಯಾನು ಎಷ್ಟು ಸದ್ದು ಮಾಡುತ್ತದೆ ಎಂದು ಒಂದು ಪುಟ ಮಾಡಿದ್ದಾನೆ. ಕೈಯಲ್ಲಿ ಬರೆದದ್ದಲ್ಲ, ಫೋನಿಗೆ ಬಾಯಲ್ಲಿ ಹೇಳಿ ಬರೆಸಿದ್ದು. ಮರಾಠಿಯಲ್ಲಿದೆ. ವರ್ಜೀನಿಯಾದಿಂದ ಹುಡುಗಿ ಅದನ್ನು ಕನ್ನಡದಲ್ಲೂ ಕೇಳಿದ್ದಾಳೆ. ಅಜ್ಜಿಯ ಮುಂದೆ ಓದಿ ತೋರಿಸಿದ ಮೇಲೆ ಕಳಿಸುತ್ತೇನೆ ಅಂದಿದ್ದಾನಂತೆ.